ಮೊಳೆಯಿಂದ ಇಳಿಸಿದ ಚಕ್ರ

ಮಾರ್ಚ್ 3

ತಮ್ಮಾ,

ಬೆಳಗಿನ ಮೊದಲ ಬಸ್ಸು ನಿಂತು ಇವತ್ತಿಗೆ ಹನ್ನೆರಡು ದಿನ. ಜನ ಹತ್ತುವುದಿಲ್ಲ ಅಂತ ನಿಲ್ಲಿಸಿದರಂತೆ. ದಿನಾ ಆರು ಹೆಂಗಸರು ಹತ್ತುತ್ತಿದ್ದೆವು, ನಾವು ಜನ ಅಲ್ಲವೆಂದು ಅವತ್ತು ಗೊತ್ತಾಯಿತು. ಆಸ್ಪತ್ರೆ ಇಲ್ಲಿಂದ ಏಳು ಮೈಲಿ. ಬಟ್ಟೆ ಒಗೆಯುವ ಕೋಣೆಯಲ್ಲಿ ಆರೂವರೆಗೆ ನಾನು ಬಾಯ್ಲರ್ ಮುಂದೆ ನಿಂತಿರಬೇಕು. ಎರಡು ಸಲ ತಡವಾಯಿತು. "ಮೂರನೇ ಸಲಕ್ಕೆ ಬರೋ ತೊಂದರೆನೇ ತಗೋಬೇಡಮ್ಮ" ಅಂತ ಮೇಲ್ವಿಚಾರಕಿ ನಗುತ್ತ ಹೇಳಿದಳು. ನಕ್ಕಿದ್ದಕ್ಕೇ ನನಗೆ ಹೆಚ್ಚು ಉರಿದದ್ದು. ಈಗ ನಾಲ್ಕಕ್ಕೆ ಮನೆ ಬಿಟ್ಟು ನಡೆಯುತ್ತಿದ್ದೇನೆ. ಕಾಲಿನ ಕಥೆ ಕೇಳಬೇಡ.

ಅಪ್ಪನ ಸೈಕಲ್ಲು ಮೆಟ್ಟಿಲ ಕೆಳಗೆ ಹನ್ನೊಂದು ವರ್ಷದಿಂದ ಮೂತಿ ನೆಲಕ್ಕೂರಿ ನಿಂತಿದೆ. ಹಿಂದಿನ ಚಕ್ರ ಇನ್ನೂ ಗಟ್ಟಿ. ಮುಂದಿನದು ಎಲ್ಲಿದೆ ಅಂತ ನಿನಗೆ ನಾನು ಹೇಳಬೇಕೆ? ಗಿರಣಿ ಸಂಘದ ಕಚೇರಿಯ ಗೋಡೆಯಲ್ಲಿ, ಮೊಳೆಗೆ ನೇತುಬಿದ್ದು, ಕೆಂಪು ಬಟ್ಟೆ ಕಟ್ಟಿಕೊಂಡು, "ಗಿರಣಿ ಮಾಲೀಕನ ಜೀಪು ನಮ್ಮ ಹುಡುಗನ ಮೇಲೆ ಹರಿದ ದಿನ" ಎಂಬ ಬೋರ್ಡಿನ ಕೆಳಗೆ.

ಅದನ್ನು ಇಳಿಸಿ ರಿಪೇರಿ ಮಾಡಿಕೊಳ್ಳಬೇಕು ಅಂತಿದ್ದೇನೆ. ಹೊಸ ರಿಮ್ಮು ಕೊಳ್ಳುವಷ್ಟು ನನ್ನ ಹತ್ತಿರ ಇಲ್ಲ. ಅಧ್ಯಕ್ಷರನ್ನು ಕೇಳಿದೆ. "ಚಕ್ರ ನಿಮ್ಮಪ್ಪಂದು, ಅದಕ್ಕೆ ಸುರಿದ ರಕ್ತ ನಿನ್ನ ತಮ್ಮಂದು. ಅವನು ಹೂಂ ಅಂದ್ರೆ ತಗೊಂಡೋಗು" ಅಂದರು.

ಹೂಂ ಅನ್ನು. ಹಾಗೇ ಬೆಂಡು ತೆಗೆಯುವುದು ಹೇಗೆ ಅಂತಲೂ ಬರೆ. ಭಾನುವಾರ ಅಪ್ಪ ಚಕ್ರ ಕಟ್ಟುವಾಗ ಪಕ್ಕ ಕೂರುತ್ತಿದ್ದವನು ನೀನು. ನನ್ನ ಕೈಗೆ ಕಡ್ಡಿ ಬಿಗಿಯುವ ನಿಪ್ಪಲ್ ಡಬ್ಬಿ ಕೊಟ್ಟು ಎರಡು ಮಾರು ದೂರ ನಿಲ್ಲಿಸುತ್ತಿದ್ದ.

ನಿನ್ನ ಅಕ್ಕ

*

ಮಾರ್ಚ್ 14

ಸಂಗಾತಿ ಅಕ್ಕನಿಗೆ ಹೋರಾಟದ ವಂದನೆಗಳು.

ನಿನ್ನ ಕಾಗದ ಓದಿ ರಕ್ತ ಕುದಿಯಿತು. ದುಡಿಯುವ ಹೆಣ್ಣಿನ ಕಾಲಿನ ಬೆಲೆ ತಿಳಿಯದ ಈ ವ್ಯವಸ್ಥೆಯನ್ನು ಬುಡಮೇಲು ಮಾಡದೆ ನಮಗೆ ಬಿಡುಗಡೆಯಿಲ್ಲ. ಇಲ್ಲಿ ಬಂದರಿನಲ್ಲಿಯೂ ಅದೇ ಕಥೆ. ಹಮಾಲರ ಸಂಘದ ಕಾರ್ಯದರ್ಶಿಯಾಗಿ ಕಳೆದ ವಾರ ಮೂರು ಸಭೆಗಳಲ್ಲಿ ಮಾತಾಡಿದೆ.

ಆದರೆ ಆ ಚಕ್ರವನ್ನು ಮುಟ್ಟಬೇಡ. ಅದು ಈಗ ಕಬ್ಬಿಣವಲ್ಲ, ಚರಿತ್ರೆ. ಅದನ್ನು ನೋಡಿ ಎಷ್ಟು ಹುಡುಗರು ಸಂಘಕ್ಕೆ ಸೇರಿದ್ದಾರೆ. ಚರಿತ್ರೆಯನ್ನು ಯಾರಾದರೂ ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡುತ್ತಾರೆಯೆ? ಅಲ್ಲದೆ ಒಮ್ಮೆ ಮಡಿಸಿದ ಉಕ್ಕಿಗೆ ಜೀವವಿರುವುದಿಲ್ಲ. ದಾರಿಯಲ್ಲಿ ಮುರಿದರೆ ನಿನ್ನ ಹಲ್ಲು ಉದುರುತ್ತದೆ. ಹೊಸ ರಿಮ್ಮು ನಾನೇ ಪಾರ್ಸೆಲ್ ಮಾಡುತ್ತೇನೆ. ಸ್ವಲ್ಪ ದಿನ ತಡೆದುಕೋ.

ಅದು ಹಾಗೆಯೇ ಇರಲಿ. ಇದು ತಮ್ಮನ ಕೋರಿಕೆ ಅಂದುಕೋ.

ಎಂದೆಂದಿಗೂ ಹೋರಾಟದಲ್ಲಿ,
ನಿನ್ನ ತಮ್ಮ

*

ಮಾರ್ಚ್ 20

ತಮ್ಮಾ,

ಅಕ್ಕ ಯಾವಾಗಿನಿಂದ ಸಂಗಾತಿ ಆದಳಪ್ಪ? ಕಾಗದ ಬಿಡಿಸುತ್ತಲೇ ಮೈಕಿನ ಸದ್ದು ಕೇಳಿದಂತಾಗಿ ಪಕ್ಕದ ಮನೆಯವರು ಎದ್ದಾರು ಅಂತ ಮಡಿಚಿಟ್ಟೆ. ಆಮೇಲೆ ಒಗೆಯುವ ಕೋಣೆಗೆ ಒಯ್ದು ಓದಿದೆ, ಅಲ್ಲಿ ಯಂತ್ರ ನಿನಗಿಂತ ಜೋರು.

ಸ್ವಲ್ಪ ದಿನ ತಡೆದುಕೋ ಅಂತೀಯ. ತಡೆದುಕೊಳ್ಳಬೇಕಾದ್ದು ನನ್ನ ಕಾಲು. ನೀನು ಬೇಡ ಅಂದದ್ದನ್ನು ಅಧ್ಯಕ್ಷರಿಗೆ ಹೇಳಲಿಲ್ಲ, ಹೂಂ ಅಂದ ಅಂದುಬಿಟ್ಟೆ. ಸಣ್ಣ ಸುಳ್ಳು. ಚಕ್ರ ಇಳಿಸಿಕೊಂಡು ಬಂದೆ. ಗೋಡೆಯಲ್ಲಿ ಮೊಳೆಯೊಂದೇ ಉಳಿದಿದೆ, ಅದರ ಸುತ್ತ ಚಕ್ರದಷ್ಟು ಅಗಲಕ್ಕೆ ಸುಣ್ಣ ಬಿಳಿಯಾಗಿದೆ. ಆ ವಿಷಯ ನೀನು ಭಾಷಣದಲ್ಲಿ ಸೇರಿಸಬಹುದು.

ಎರಡು ಅಂಗಡಿಗೆ ಹೊತ್ತುಕೊಂಡು ಹೋದೆ. ಒಬ್ಬ ಹೊಸದೇ ಹಾಕಿಸಿ ಅಂದ. ಇನ್ನೊಬ್ಬ, "ಇದನ್ನ ಬಾವಿ ರಾಟೆಗೆ ಹಾಕ್ಕೊಳಕ್ಕ, ಸೈಕಲ್ಗಲ್ಲ" ಅಂದ. ಇನ್ನುಳಿದವನು ಒಬ್ಬನೇ, ಎಲ್ಲರಿಗಿಂತ ಕಡಿಮೆಗೆ ಮಾಡಿಕೊಡುವವನು. ಊರವರು ಎಡಗೈ ಅನ್ನುವವನು. ಅದೇ ಜೀಪಿನ ಡ್ರೈವರ್. ಈಗ ಬಸ್ ನಿಲ್ದಾಣದ ಗೋಡೆಗೆ ತಗಡು ಒರಗಿಸಿಕೊಂಡು ಪಂಕ್ಚರ್ ಹಾಕುತ್ತಾನೆ. ನಮ್ಮವರು ಮುರಿದ ಬಲಗೈ ಮೊಣಕೈಯಿಂದ ಕೆಳಗೆ ನೆಟ್ಟಗಾಗಲೇ ಇಲ್ಲವಂತೆ. ಆಗಲಿ ಬಿಡು. ಅವತ್ತಿನ ಮುಷ್ಕರದಲ್ಲಿ ಇಟ್ಟ ಹನ್ನೊಂದು ಬೇಡಿಕೆಯಲ್ಲಿ ಮಾಲೀಕ ಒಪ್ಪಿದ್ದು ಒಂದನ್ನೇ, ಈ ನಾಯಿಯನ್ನು ಕೆಲಸದಿಂದ ತೆಗೆದದ್ದು. ಅವನ ತಗಡಿನ ಮುಂದೆ ಎರಡು ಸಲ ಹಾದುಹೋದೆ. ನಿಲ್ಲಲು ಮನಸ್ಸು ಬರಲಿಲ್ಲ.

ಆದ್ದರಿಂದ ನೀನೇ ಬರೆ. ಭಾಷಣ ಬೇಡ, ಬೆಂಡು ತೆಗೆಯುವ ವಿಧಾನ ಬರೆ.

ಅಕ್ಕ

*

ಮಾರ್ಚ್ 29

ಅಕ್ಕಾ,

ಇಳಿಸಿಯೇಬಿಟ್ಟೆಯಲ್ಲ. ಸರಿ.

ಮೊದಲು ಉಜ್ಜುವ ಕಾಗದ ತಂದು ರಿಮ್ಮನ್ನು ಪೂರ್ತಿ ಉಜ್ಜು. ತುಕ್ಕಿದ್ದರೂ, ಬಣ್ಣ ಗಿಣ್ಣ ಇದ್ದರೂ ಎಲ್ಲ ಹೋಗಲಿ. ಇದನ್ನು ಬಿಟ್ಟು ಮುಂದಕ್ಕೆ ಹೋಗಬೇಡ. ಆಮೇಲೆ ಕಡ್ಡಿಗಳ ತುದಿಗೆ, ನಿಪ್ಪಲ್ ಕೂರುವ ಜಾಗಕ್ಕೆ, ಸೀಮೆಎಣ್ಣೆ ಬಿಟ್ಟು ಒಂದು ದಿನ ಹಾಗೇ ಇಡು. ಒಣಗಿದ ನಿಪ್ಪಲ್ ತಿರುಗಿಸಿದರೆ ಕಡ್ಡಿ ಮುರಿಯುತ್ತದೆ. ಮೂವತ್ತೆರಡು ಕಡ್ಡಿ ಇರಬೇಕು. ಒಂದೊಂದಾಗಿ ಬಿಚ್ಚಿ ಎಡದವನ್ನು ಒಂದು ಕಟ್ಟು, ಬಲದವನ್ನು ಒಂದು ಕಟ್ಟು ಮಾಡಿ ಇಡು.

ಬರೀ ರಿಮ್ಮನ್ನು ನುಣುಪಾದ ನೆಲದ ಮೇಲೆ ಮಲಗಿಸು. ಎಲ್ಲಿ ನೆಲ ಬಿಟ್ಟು ಎದ್ದಿದೆಯೋ ಅಲ್ಲಿ ಸೀಮೆಸುಣ್ಣದ ಗುರುತು ಹಾಕು. ಗುರುತಿನ ಮೇಲೆ ಕಾಲಿಟ್ಟು ಆಚೆ ಬದಿಯನ್ನು ಎತ್ತಬೇಕು. ಒಳಕ್ಕೆ ತಗ್ಗಿದ್ದರೆ ಎರಡು ಇಟ್ಟಿಗೆಯ ಮೇಲೆ ರಿಮ್ಮು ಕೂರಿಸಿ, ಒಳಗಿನಿಂದ ಮರದ ತುಂಡು ಇಟ್ಟು ಹೊಡೆ. ಕಬ್ಬಿಣದ ಮೇಲೆ ನೇರ ಸುತ್ತಿಗೆ ಬೀಳಕೂಡದು. ಅಪ್ಪ ಹೇಳುತ್ತಿದ್ದದ್ದು ನೆನಪಿದೆಯಲ್ಲ, ಕೋಪ ಬಂದ ದಿನ ಚಕ್ರ ಮುಟ್ಟಬೇಡಿ ಅಂತ.

ಆ ಡ್ರೈವರ್ ಹತ್ತಿರ ಮಾತ್ರ ಹೋಗಬೇಡ. ಏನೇ ಆಗಲಿ ಹೋಗಬೇಡ. ಅವನು ಏನಾದರೂ ಹೇಳಿಯಾನು. ಕೇಳಿಸಿಕೊಳ್ಳಬೇಡ.

ರಿಮ್ಮು ಬೇಗ ಕಳಿಸುತ್ತೇನೆ.

ತಮ್ಮ

*

ಏಪ್ರಿಲ್ 8

ತಮ್ಮಾ,

ನೀನು ಬೇಡ ಅಂದ ಕಡೆಗೇ ಹೋಗಿ ಬಂದೆ. ಯಾಕೆ ಅಂತ ಕ್ರಮವಾಗಿ ಬರೆಯುತ್ತೇನೆ, ನಡುವೆ ಎದ್ದು ಹೋಗಬೇಡ.

ನಿನ್ನ ಕಾಗದ ಬರುವ ಹಿಂದಿನ ದಿನ ಕೆಂಪು ಬಟ್ಟೆ ಬಿಚ್ಚಿದೆ. ಗಂಟು ಬೆರಳಿಗೆ ಬಗ್ಗಲಿಲ್ಲ. ಮಗ್ಗದವರು ಹರಿದ ನೂಲಿಗೆ ಹಾಕುವ ಗಂಟು ಅದು, ಅಪ್ಪನ ಕೈಯದು. ಬಟ್ಟೆಯ ಅಡಿಯಲ್ಲಿ ರಿಮ್ಮು ಅಂಗೈಯಷ್ಟು ಅಗಲಕ್ಕೆ ಒಳಗೆ ಹೋಗಿದೆ. ತಗ್ಗಿನ ಎರಡು ಅಂಚಿಗೂ ಹಳದಿ ಬಣ್ಣ ಮೆತ್ತಿದೆ. ಇದೇನಿದು ಅಂತ ತಲೆ ಕೆಡಿಸಿಕೊಳ್ಳದೆ ಇಟ್ಟೆ. ಮರುದಿನ ನಿನ್ನ ಕಾಗದ ಬಂತು. ಬಣ್ಣ ಗಿಣ್ಣ ಇದ್ದರೆ ಉಜ್ಜಿ ತೆಗೆ. ತಮ್ಮಾ, ಸೈಕಲ್ ರಿಮ್ಮಿಗೆ ಯಾರು ಬಣ್ಣ ಬಳಿಯುತ್ತಾರೆ?

ಉಜ್ಜಲಿಲ್ಲ. ಕಡ್ಡಿ ಬಿಚ್ಚಿದೆ, ನೆಲಕ್ಕೆ ಮಲಗಿಸಿದೆ, ಅಡ್ಡ ಬೆಂಡು ಹೆಚ್ಚು ಇರಲಿಲ್ಲ, ಕಾಲಿಟ್ಟು ತೆಗೆದೆ. ತಗ್ಗು ಮಾತ್ರ ಬಗ್ಗಲಿಲ್ಲ. ಭಾನುವಾರ ರಿಮ್ಮನ್ನು ಹೆಗಲಿಗೆ ಹಾಕಿಕೊಂಡು ಎಡಗೈಯ ತಗಡಿಗೆ ಹೋದೆ. ನನ್ನ ಗುರುತು ಅವನಿಗೆ ಇದ್ದೇ ಇತ್ತು. ರಿಮ್ಮನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದು ಸುತ್ತು ಬೆರಳಾಡಿಸಿದ.

"ಕಡ್ಡಿ ಎಷ್ಟು ಮುರಿದಿತ್ತಕ್ಕ?"

"ಐದು."

"ಮಿಕ್ಕಿದ್ದೆಲ್ಲ ನೆಟ್ಟಗೇ ಇತ್ತಾ?"

"ಇತ್ತು."

"ಹಂಗಾದ್ರೆ ಇದು ಜೀಪ್ ಹತ್ತಿದ ಚಕ್ರ ಅಲ್ಲ."

"ನಿನಗೆ ಹ್ಯಾಗೆ ಗೊತ್ತು?" ಅಂದೆ. ಸ್ವರ ಏರಿತ್ತು.

"ಜೀಪ್ ಓಡಿಸ್ತಿದ್ದವನು ನಾನೇ ಅಲ್ವಾ" ಅಂದ. ತಮಾಷೆಗೆ ಅಂದನೋ ಏನೋ ತಿಳಿಯಲಿಲ್ಲ. ಆಮೇಲೆ ನಿಧಾನವಾಗಿ ಹೇಳಿದ. ಗಾಡಿ ಮೇಲೆ ಹತ್ತಿದರೆ ಚಕ್ರ ಹಪ್ಪಳದಂತೆ ತಿರುಚಿಕೊಳ್ಳುತ್ತದೆ, ನಡುವಿನ ಹಬ್ಬು ಸಮೇತ ಹಾಳಾಗುತ್ತದೆ. ಇದು ನೆಟ್ಟಗೆ ಹೋಗಿ ಏನಕ್ಕೋ ಗುದ್ದಿದ್ದು. ಗುದ್ದಿದ್ದು ಕಬ್ಬಿಣಕ್ಕೆ. ಆ ಕಬ್ಬಿಣಕ್ಕೆ ಹಳದಿ ಬಣ್ಣವಿತ್ತು. ಜೀಪು ಹಸಿರು.

ಆ ಹಳದಿ ಎಲ್ಲಿಯದು ಅಂತ ನನಗೆ ಹೊಳೆಯಿತು. ಗಿರಣಿಯ ಹಿಂಬಾಗಿಲಿಗೆ ನೀರು ನುಗ್ಗದಿರಲಿ ಅಂತ ಗೇಣೆತ್ತರದ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಯಾರೂ ಎಡವದಿರಲಿ ಅಂತ ಅದಕ್ಕೆ ಹಳದಿ ಬಳಿದಿದ್ದಾರೆ. ಮುಷ್ಕರದ ದಿನಗಳಲ್ಲಿ ಆ ಬಾಗಿಲಿಂದ ಕದ್ದು ಕೆಲಸಕ್ಕೆ ಯಾರು ಒಳಗೆ ಹೋಗುತ್ತಿದ್ದರು ಅಂತ ನಿನಗೂ ಗೊತ್ತು, ನನಗೂ ಗೊತ್ತು.

"ಹನ್ನೊಂದು ವರ್ಷ ಯಾಕೆ ಬಾಯಿ ಬಿಡಲಿಲ್ಲ ನೀನು?" ಅಂದೆ.

"ಬಿಟ್ಟೆನಲ್ಲಕ್ಕ. ಅವತ್ತೇ ಬಿಟ್ಟೆ. ಕೈ ಮುರೀತಾ ಇದ್ರು, ಯಾರಿಗೂ ಕೇಳಿಸಲಿಲ್ಲ."

ನೀನು ಬರೆ. ಬೇರೇನೂ ಬೇಡ, ಅವತ್ತು ಏನಾಯಿತು ಅಂತ ಬರೆ. ನಾನು ತಪ್ಪು ತಿಳಿದಿದ್ದರೆ ಕೆನ್ನೆಗೆ ಹೊಡೆದ ಹಾಗೆ ಬರೆ, ಖುಷಿಯಿಂದ ಹೊಡೆಸಿಕೊಳ್ಳುತ್ತೇನೆ.

ಅಕ್ಕ

*

ಏಪ್ರಿಲ್ 27

ತಮ್ಮಾ,

ಪಾರ್ಸೆಲ್ ಬಂತು. ಗೋಣಿ ಸುತ್ತಿದ ಹೊಸ ರಿಮ್ಮು, ಮುಖ ನೋಡಿಕೊಳ್ಳುವಷ್ಟು ಹೊಳಪು. ಒಳಗೆ ಕಾಗದವಿದೆಯೇ ಅಂತ ಗೋಣಿ ಕೊಡವಿ ಕೊಡವಿ ನೋಡಿದೆ. ಮಾತು ಕೇಳಿದರೆ ರಿಮ್ಮು ಕಳಿಸಿದ್ದೀಯ. ಅದನ್ನು ಮತ್ತೆ ಗೋಣಿಯಲ್ಲೇ ಸುತ್ತಿ ಮೆಟ್ಟಿಲ ಕೆಳಗೆ ಇಟ್ಟಿದ್ದೇನೆ. ನಿನ್ನದು, ಬಂದು ತೆಗೆದುಕೊಂಡು ಹೋಗು.

ಹಳೆಯದೇ ಕಟ್ಟಿದೆ. ನಾಲ್ಕು ಭಾನುವಾರ ಹಿಡಿಯಿತು. ತಗ್ಗನ್ನು ಡ್ರೈವರ್ ಅಣ್ಣ ಒಳಗಿನಿಂದ ಹೊಡೆದು ಎಬ್ಬಿಸಿದರು, ಎಡಗೈಯಲ್ಲಿ ಸುತ್ತಿಗೆ, ಮರದ ತುಂಡು ನಾನು ಹಿಡಿದಿದ್ದೆ. ಹೌದು, ಈಗ ಅಣ್ಣ ಅನ್ನುತ್ತೇನೆ. ಮೊದಲ ಸಲ ಅಂದಾಗ ನಾಲಿಗೆ ಹೊರಳಲಿಲ್ಲ. ಮುರಿದ ಐದು ಕಡ್ಡಿಗೆ ಬೇರೆ ಯಾವುದೋ ಹಳೆ ಚಕ್ರದ ಕಡ್ಡಿ ಹುಡುಕಿ ಕೊಟ್ಟರು. ಕಡ್ಡಿ ಹೆಣೆದದ್ದು ನಾನೇ. ಚಕ್ರವನ್ನು ಫೋರ್ಕಿಗೆ ಸಿಕ್ಕಿಸಿ, ಪಕ್ಕಕ್ಕೆ ಒಂದು ಮೊಳೆ ಹಿಡಿದು ತಿರುಗಿಸಬೇಕು, ಮೊಳೆಗೆ ತಾಗಿದ ಕಡೆ ಎದುರು ಬದಿಯ ಕಡ್ಡಿ ಅರ್ಧ ಸುತ್ತು ಬಿಗಿ, ಈ ಬದಿಯದು ಅರ್ಧ ಸುತ್ತು ಸಡಿಲ. ಒಂದು ಸುತ್ತು ತಿರುಗಿಸಿದರೆ, "ಅಷ್ಟು ಅವಸರ ಇದ್ರೆ ಬಸ್ಸಲ್ಲಿ ಹೋಗಕ್ಕ" ಅನ್ನುತ್ತಾರೆ. ಬಸ್ಸಿಲ್ಲ ಅಂತ ಗೊತ್ತಿದ್ದೇ ಅನ್ನುವುದು.

ಇಷ್ಟು ಚೆನ್ನಾಗಿ ಯಾರು ಕಲಿಸಿದರು ಅಂತ ಕೇಳಿದೆ.

"ನಿಮ್ಮಪ್ಪ."

ಕೈಯಲ್ಲಿದ್ದ ನಿಪ್ಪಲ್ ಮಣ್ಣಿಗೆ ಬಿತ್ತು, ಹುಡುಕುವ ನೆಪದಲ್ಲಿ ತಲೆ ತಗ್ಗಿಸಿದೆ. ಅಪ್ಪ ಸಾಯುವ ತನಕ ಪ್ರತಿ ಭಾನುವಾರ ವಾಕಿಂಗು ಅಂತ ಹೋಗುತ್ತಿದ್ದನಲ್ಲ, ಹೋಗುತ್ತಿದ್ದದ್ದು ಈ ತಗಡಿನ ಕೆಳಗೆ. ಕೈ ಮುರಿದವನಿಗೆ ಎಡಗೈಯಲ್ಲಿ ಚಕ್ರ ಕಟ್ಟುವುದನ್ನು ಕೂತು ಕಲಿಸಿದ. "ಯಾಕೆ ಅಂತ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕೇಳಿದ್ರೆ ಬರೋದು ಬಿಟ್ಟಾರು ಅನ್ನಿಸ್ತು" ಅಂದರು.

ಈಗ ಎಲ್ಲ ಹೊಂದಿಕೊಳ್ಳುತ್ತದೆ. ಅವತ್ತು ಚಕ್ರ ಬಿಚ್ಚಿದ್ದು ಅಪ್ಪ, ಹೊತ್ತೊಯ್ದದ್ದು ಅಪ್ಪ, ಬಟ್ಟೆ ಕಟ್ಟಿ ಮೊಳೆಗೇರಿಸಿದ್ದೂ ಅಪ್ಪ. ರಿಮ್ಮು ಮುಟ್ಟಿ ನೋಡಿ ಯಾವ ಕಲ್ಲಿಗೆ ಗುದ್ದಿದೆ ಅಂತ ಹೇಳುತ್ತಿದ್ದವನು. ಅವನ ಕಣ್ಣಿಗೆ ಮಣ್ಣೆರಚಿದೆ ಅಂದುಕೊಂಡಿದ್ದೆಯಾ? ಅವನು ಮೊದಲ ದಿನವೇ ನೋಡಿದ್ದ. ಆಮೇಲೆ ಅವನು ಸೈಕಲ್ಲು ಹತ್ತಲೇ ಇಲ್ಲ.

ಅಪ್ಪ ದೊಡ್ಡವನು ಅಂತ ಬರೆಯಲಾರೆ. ಭಾನುವಾರ ಈ ಮನುಷ್ಯನ ಪಕ್ಕ ಕೂತ, ಸೋಮವಾರ ಆ ಬೋರ್ಡಿನ ಕೆಳಗೆ ಕೂತ. ನಾನೂ ದೊಡ್ಡವಳಲ್ಲ. ನಲ್ಲಿಯ ಸಾಲಿನಲ್ಲಿ ಅವರ ಹೆಂಡತಿಯ ತುಂಬಿದ ಕೊಡ ಒದ್ದಿದ್ದೇನೆ. ಎಲ್ಲರೂ ಚಪ್ಪಾಳೆ ತಟ್ಟಿದ್ದರು. ಆಕೆ ಕೊಡ ಎತ್ತಿಕೊಂಡು ಸಾಲಿನ ಕೊನೆಗೆ ಹೋಗಿ ನಿಂತಳು. ಈಗ ತಗಡಿನ ಕೆಳಗೆ ನನಗೆ ನೀರು ತಂದುಕೊಡುತ್ತಾಳೆ.

ನಾವು ಹೋರಾಟ ಅಂದೆವು. ಮಾಲೀಕನ ಒಂದು ಕೂದಲು ಕೊಂಕಲಿಲ್ಲ. ಸಂಬಳಕ್ಕೆ ಜೀಪು ಓಡಿಸುವವನ ಹೊಟ್ಟೆ ಮೇಲೆ ಹೊಡೆದು ಗೆದ್ದೆವು ಅಂತ ಮೆರವಣಿಗೆ ಮಾಡಿದೆವು. ಮಾಲೀಕ ಹತ್ತು ಬೇಡಿಕೆ ಬಿಟ್ಟು ಅದೊಂದನ್ನೇ ಯಾಕೆ ಒಪ್ಪಿದ ಅಂತ ಆಗ ನಮಗೆ ಯಾರಿಗೂ ಹೊಳೆಯಲಿಲ್ಲ. ಅವನ ಗಂಟೇನೂ ಹೋಗುವುದಿರಲಿಲ್ಲ.

ಮೇ ಇಪ್ಪತ್ತಕ್ಕೆ ಸಂಘದ ದಿನ. ಪ್ರತಿ ವರ್ಷದಂತೆ ನಿನ್ನ ಕಥೆ ಹೇಳುತ್ತಾರೆ, ಚಕ್ರ ಎಲ್ಲಿ ಅಂತ ನನ್ನನ್ನು ಕೇಳುತ್ತಾರೆ. ಏನು ಹೇಳಲಿ?

ಅಕ್ಕ

*

ಮೇ 9

ಅಕ್ಕಾ,

ನಾಲ್ಕು ಕಾಗದ ಬರೆದು ಹರಿದೆ. ನಾಲ್ಕರಲ್ಲೂ ನಾನೇ ಒಳ್ಳೆಯವನಾಗಿ ಬಿಡುತ್ತಿದ್ದೆ.

ಹೊಟ್ಟೆಗಿಲ್ಲದೆ ಹೋದೆ ಅಂತ ಬರೆಯಬಹುದಿತ್ತು. ಸುಳ್ಳು. ಮನೆಯಲ್ಲಿ ಡಬ್ಬ ತುಂಬ ಹಿಟ್ಟಿತ್ತು, ನೀನೇ ತಂದಿಟ್ಟಿದ್ದೆ. ಗಿರಣಿಯ ಗುಮಾಸ್ತ ದಾರಿಯಲ್ಲಿ ಸಿಕ್ಕಿ, ಒಂದು ವಾರ ಒಳಗೆ ಬಂದರೆ ಕಾಯಂ ಮಾಡಿಸುತ್ತೇನೆ ಅಂದ. ಅಪ್ಪನ ಸೈಕಲ್ಲು ತೆಗೆದುಕೊಂಡೆ, ಯಾರಾದರೂ ನೋಡಿಯಾರು ಅಂತ ತಲೆಗೆ ಗೋಣಿಚೀಲ ಹಾಕಿಕೊಂಡೆ. ಹಿಂಬಾಗಿಲ ಪಟ್ಟಿ ಕಾಣಲಿಲ್ಲ. ಹಣೆ ಒಡೆಯಿತು. ಕಾವಲಿನವರು ನಕ್ಕು, "ನಡಿ ನಡಿ, ರಕ್ತ ಸುರಿಸಿಕೊಂಡು ಒಳಗೆ ಬರಬೇಡ" ಅಂತ ಬಾಗಿಲು ಹಾಕಿದರು. ದ್ರೋಹ ಮಾಡಲೂ ನನ್ನ ಕೈಲಿ ಆಗಲಿಲ್ಲ.

ಸೈಕಲ್ಲು ಹೊತ್ತುಕೊಂಡು ಮುಂಬಾಗಿಲ ಕಡೆ ಬಂದೆ. ಅದೇ ಹೊತ್ತಿಗೆ ಜೀಪು ಧೂಳೆಬ್ಬಿಸಿಕೊಂಡು ಹಾದುಹೋಯಿತು. ಗುಂಪಿನಲ್ಲಿ ಯಾರೋ, "ಲೋ, ಜೀಪ್ ಹೊಡೀತೇನೋ?" ಅಂದರು. ನಾನು ತಲೆ ಆಡಿಸಿದೆ. ಅಷ್ಟೇ ನಾನು ಮಾಡಿದ್ದು. ಬಾಯಿಂದ ಒಂದು ಮಾತು ಬರಲಿಲ್ಲ. ಮಿಕ್ಕದ್ದನ್ನೆಲ್ಲ ಅವರೇ ಹೇಳಿಕೊಂಡರು. ಜೀಪು ಅಡ್ಡಗಟ್ಟಿ ಡ್ರೈವರನ್ನು ಎಳೆದು ಹಾಕಿದಾಗ ನಾನು ಹತ್ತು ಹೆಜ್ಜೆ ದೂರದಲ್ಲಿದ್ದೆ. ಅವನು ನನ್ನನ್ನೇ ನೋಡುತ್ತ, "ನೀನಾದ್ರೂ ಹೇಳಪ್ಪ" ಅಂದ. ನಾನು ಹಣೆಯ ರಕ್ತ ಒರೆಸಿಕೊಂಡೆ.

ಇಲ್ಲಿ ಆ ಹಣೆಯ ಗುರುತು ತೋರಿಸಿಯೇ ಕಾರ್ಯದರ್ಶಿಯಾದೆ. ಭಾಷಣದ ನಡುವೆ ಕೂದಲು ಹಿಂದಕ್ಕೆ ಸರಿಸುತ್ತೇನೆ. ಎಲ್ಲಿ ಸರಿಸಬೇಕು ಅಂತ ಅಭ್ಯಾಸವಾಗಿದೆ.

ಅಪ್ಪನಿಗೆ ಗೊತ್ತಿತ್ತು ಅಂತ ಬರೆದೆಯಲ್ಲ, ಆಮೇಲಿನ ಸಾಲುಗಳನ್ನು ಓದಲು ಮೂರು ದಿನ ಹಿಡಿಯಿತು.

ಬರಲು ನನಗೆ ಮುಖವಿಲ್ಲ. ನೀನೇ ಹೇಳಿಬಿಡು. ಇಲ್ಲದಿದ್ದರೆ ಓದಿ ಸುಟ್ಟುಹಾಕು. ನಿನಗೆ ಹೇಗೆ ಸರಿ ಕಾಣುತ್ತದೋ ಹಾಗೆ.

ತಮ್ಮ

*

ಮೇ 13

ತಮ್ಮಾ,

ಸುಡುವುದಿಲ್ಲ. ಓದಿ ಹೇಳುವುದೂ ಇಲ್ಲ. ಅವತ್ತೂ ನಿನ್ನ ಪರವಾಗಿ ಬೇರೆಯವರೇ ಮಾತಾಡಿದರು. ಇನ್ನೊಮ್ಮೆ ಆ ಕೆಲಸ ನಾನು ಮಾಡಲಾರೆ.

ಅಧ್ಯಕ್ಷರಿಗೆ ನನ್ನ ಸಣ್ಣ ಸುಳ್ಳು ಒಪ್ಪಿಸಿ ಬಂದೆ, ನೀನು ಹೂಂ ಅನ್ನಲಿಲ್ಲ ಅಂತ. ಬೈಸಿಕೊಂಡೆ. ಅದೇನೂ ಸಾಯುವಂಥ ನೋವಲ್ಲ, ನೋಡಿ ಬಂದು ಹೇಳುತ್ತಿದ್ದೇನೆ. ಡ್ರೈವರ್ ಅಣ್ಣನಿಗೆ ನಿನ್ನ ಕಾಗದ ಬಂದದ್ದು ಹೇಳಿದೆ, ಒಳಗೇನಿದೆ ಅಂತ ಹೇಳಲಿಲ್ಲ. ಅವರು ಟ್ಯೂಬನ್ನು ನೀರಲ್ಲಿ ಅದ್ದಿ ಗುಳ್ಳೆ ನೋಡುತ್ತ ಬಹಳ ಹೊತ್ತು ಕೂತಿದ್ದರು. ತೂತು ಮೊದಲೇ ಸಿಕ್ಕಿತ್ತು.

ಸೈಕಲ್ಲಿನಲ್ಲಿ ಆರು ಗಂಟೆಗೇ ತಲುಪುತ್ತೇನೆ. ಚಕ್ರದ ಪ್ರತಿ ಸುತ್ತಿನಲ್ಲೂ ಒಂದು ಸಲ ರಿಮ್ಮು ಬ್ರೇಕಿಗೆ ತಾಗುತ್ತದೆ. ಬಿಗಿಯಲೇ ಅಂದರೆ, "ಬ್ಯಾಡ, ಇನ್ನು ಬಿಗಿದ್ರೆ ಒಡೀತದೆ. ಅಷ್ಟು ಇರಲಿ" ಅಂದರು. ಆ ಹಳದಿಯನ್ನು ಉಜ್ಜಲು ಅವರೂ ಬಿಡಲಿಲ್ಲ, ನನಗೂ ಬೇಕಿರಲಿಲ್ಲ.

ಮೊಳೆ ಖಾಲಿ ಇದೆ.

ಅಕ್ಕ

*

ಮೇ 16

ಸಂಘದ ಅಧ್ಯಕ್ಷರಿಗೆ, ಸದಸ್ಯರೆಲ್ಲರಿಗೆ, ಬಸ್ ನಿಲ್ದಾಣದ ಗೋಡೆಯ ಪಕ್ಕ ಸೈಕಲ್ ರಿಪೇರಿ ಮಾಡುವ ಅಣ್ಣನಿಗೆ.

ಜೀಪು ನನ್ನ ಮೇಲೆ ಹರಿಯಲಿಲ್ಲ. ಮುಷ್ಕರ ಮುರಿದು ಕೆಲಸಕ್ಕೆ ಹೋಗಲು ಹಿಂಬಾಗಿಲಿಗೆ ಹೋಗಿದ್ದೆ, ಅಲ್ಲಿಯ ಕಬ್ಬಿಣದ ಪಟ್ಟಿಗೆ ಗುದ್ದಿ ಬಿದ್ದೆ. ಡ್ರೈವರ್ ಅಣ್ಣ ಏನೂ ಮಾಡಿಲ್ಲ. ಅವರ ಕೈ ಮುರಿಯುವಾಗ ಇದನ್ನು ಹೇಳಬಲ್ಲವನು ಅಲ್ಲಿ ನಾನೊಬ್ಬನೇ ಇದ್ದೆ, ಹೇಳಲಿಲ್ಲ. ನಿಮಗೆ ಸಿಕ್ಕ ಒಂದೇ ಒಂದು ಗೆಲುವು ನನ್ನ ಸುಳ್ಳಿನಿಂದ ಸಿಕ್ಕಿದ್ದು. ಇಲ್ಲಿಯ ಸಂಘಕ್ಕೂ ಇದನ್ನೇ ಬರೆದುಕೊಟ್ಟಿದ್ದೇನೆ. ಕಾರ್ಯದರ್ಶಿಯ ಕೆಲಸ ಹೋಗಿದೆ.

ಆ ಬೋರ್ಡು ಇಳಿಸಿ. ಈ ಕಾಗದವನ್ನು ಅದೇ ಮೊಳೆಗೆ ಚುಚ್ಚಿ. ಮೇಲೆ ಬಟ್ಟೆ ಕಟ್ಟಬೇಡಿ.

ಇಪ್ಪತ್ತನೇ ತಾರೀಖು ಬರುತ್ತೇನೆ. ಬಾಗಿಲಲ್ಲೇ ನಿಲ್ಲಿಸಿದರೆ ಬಾಗಿಲಲ್ಲೇ ನಿಲ್ಲುತ್ತೇನೆ. ನೀವು ಕೇಳಿದ್ದಕ್ಕೆ ಈ ಸಲ ತಲೆ ಆಡಿಸುವುದಿಲ್ಲ, ಬಾಯಿ ಬಿಟ್ಟು ಹೇಳುತ್ತೇನೆ.